ಓಕ್ಸ್: ಡರ್ಬಿಗಿಂತ ಒಂದು ವರ್ಷ ದೊಡ್ಡ ಅಕ್ಕ

ಪ್ರಶ್ನೆ: ನಮ್ಮ ತಾತ ಬೆಂಗಳೂರಿನಲ್ಲಿ ಗುಮಾಸ್ತರಾಗಿದ್ದರು. ಆಗಾಗ ರೇಸ್ ಕೋರ್ಸಿಗೆ ಹೋಗಿಬರುತ್ತಿದ್ದರಂತೆ. ಅಜ್ಜಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಚೆಗೆ ಅವರ ಟ್ರಂಕಿನಲ್ಲಿ ಹಳೆಯ ರೇಸ್ ಪುಸ್ತಕಗಳು ಸಿಕ್ಕವು. ‘ಓಕ್ಸ್’ ಅನ್ನುವ ಒಂದು ಓಟಕ್ಕೆ ‘ಫಿಲ್ಲಿಗಳಿಗೆ ಮಾತ್ರ’ ಎಂದು ಅಚ್ಚಾಗಿದೆ. ಓಕ್ಸ್ ಅಂದರೆ ಓಕ್ ಮರವಾ? ಹೆಣ್ಣು ಕುದುರೆಗಳಿಗೆ ಬೇರೆ ಓಟ ಯಾಕೆ, ಗಂಡಿನ ಜೊತೆ ಓಡಿ ಗೆಲ್ಲಲಾರವು ಅಂತಲಾ? ಇನ್ನೊಂದು ಕುತೂಹಲ: ಪ್ರತಿ ಕುದುರೆಯ ಹೆಸರಿನ ಕೆಳಗೆ ನಡುವೆ ಅಡ್ಡಗೆರೆ ಇಟ್ಟು ಎರಡು ಹೆಸರುಗಳಿವೆ. ತಾತ ಕೆಂಪು ಪೆನ್ಸಿಲಿನಲ್ಲಿ ಎರಡನೆಯ ಹೆಸರಿಗೆ ಮಾತ್ರ ಗೆರೆ ಎಳೆದಿದ್ದಾರೆ. ಯಾಕಿರಬಹುದು?
(ತುಮಕೂರಿನ ಓದುಗರೊಬ್ಬರು)

ಉತ್ತರ: ಕೆಂಪು ಪೆನ್ಸಿಲಿನ ವಿಷಯ ಕೊನೆಗಿರಲಿ. ಅದು ಅರ್ಥವಾಗಬೇಕಾದರೆ ಮಿಕ್ಕ ಎರಡು ಪ್ರಶ್ನೆ ಮೊದಲು ಮುಗಿಯಬೇಕು.

ಫಿಲ್ಲಿ ಅಂದರೆ ನಾಲ್ಕು ವಯಸ್ಸಿನವರೆಗಿನ ಹೆಣ್ಣು ಕುದುರೆ. ಐದಾದರೆ ಅವಳು ಮೇರ್. ನಾಲ್ಕರವರೆಗಿನ ಗಂಡು ಕೋಲ್ಟ್. ಓಕ್ಸ್ ಎನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಎಪ್ಸಮ್ ಮೈದಾನದ ಓಟ. ಬೇಲಿ, ಕಂದಕ ಏನನ್ನೂ ಹಾರುವಂತಿಲ್ಲ, ಬರಿಯ ಓಟ. ಮೂರು ವರ್ಷದ ಫಿಲ್ಲಿಗಳು ಹುಲ್ಲಿನ ಮೇಲೆ ಒಂದೂವರೆ ಮೈಲಿ ಓಡುತ್ತವೆ. 1779ರ ಮೇ 14ರಂದು ಮೊದಲ ಸಲ ನಡೆಯಿತು. ಆಗ ಇಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರಲಿ ಇದ್ದ ಕಾಲ. ರೇಸಿನ ಗಂಧಗಾಳಿ ಇಲ್ಲದವರಿಗೂ ಡರ್ಬಿ ಹೆಸರು ಗೊತ್ತಿರುತ್ತದೆ. ಆ ಡರ್ಬಿ ಶುರುವಾದದ್ದು 1780ರಲ್ಲಿ. ಅಂದರೆ ಹೆಣ್ಣುಮಕ್ಕಳ ಓಟವೇ ಅಕ್ಕ, ಡರ್ಬಿ ಒಂದು ವರ್ಷ ಚಿಕ್ಕ ತಮ್ಮ.

ಹೆಸರು ಬಂದದ್ದು ಮರದಿಂದ ಹೌದು, ಆದರೆ ನೇರವಾಗಿ ಅಲ್ಲ. ಎಪ್ಸಮ್ ಹತ್ತಿರ ‘ದಿ ಓಕ್ಸ್’ ಎಂಬ ಒಂದು ಬಂಗಲೆ ಇತ್ತು. ಮೊದಲು ಅದು ಜನರಲ್ ಜಾನ್ ಬರ್ಗೋಯ್ನ್ ಬಳಿ ಇತ್ತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರಲ್ಲಿ, ಸಾರಟೋಗಾದಲ್ಲಿ ಸೈನ್ಯಸಮೇತ ಶರಣಾದನಲ್ಲ, ಅವನೇ. ಡರ್ಬಿಯ ಹನ್ನೆರಡನೆಯ ಅರ್ಲ್ (ಅರ್ಲ್ ಎಂದರೆ ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಒಂದು ಬಿರುದು) ಎಡ್ವರ್ಡ್ ಸ್ಮಿತ್-ಸ್ಟಾನ್ಲಿಗೆ ಈತ ಸೋದರತ್ತೆಯ ಗಂಡ, ಅಂದರೆ ಮಾವನಾಗಬೇಕು. ಬಂಗಲೆ ಮಾವನಿಂದ ಅಳಿಯನ ಕೈಗೆ ಬಂತು. 1774ರಲ್ಲಿ ಈ ಅರ್ಲ್ ಲೇಡಿ ಬೆಟ್ಟಿ ಹ್ಯಾಮಿಲ್ಟನ್‌ಳನ್ನು ಮದುವೆಯಾಗುವ ಮುನ್ನ ಆ ತೋಟದಲ್ಲಿ ಊರೆಲ್ಲ ಮಾತಾಡುವಂಥ ದೊಡ್ಡ ಔತಣ ನಡೆಯಿತು. ನಾಟಕದ ಹುಚ್ಚಿದ್ದ ಬರ್ಗೋಯ್ನ್ ಅದಕ್ಕೆಂದೇ ಒಂದು ನಾಟಕ ಬರೆದ. ಯುದ್ಧ ಸೋತ ಸೇನಾಪತಿಗಳಲ್ಲಿ ನಾಟಕ ಬರೆದು ಗೆದ್ದವರು ಕಡಿಮೆ.

ಆ ಮನೆಯ ಹುಲ್ಲುಹಾಸಿನ ಮೇಲೆ ಹೆಂಗಸರು ಕ್ರಿಕೆಟ್ಟನ್ನೂ ಆಡುತ್ತಿದ್ದರು. ಕೌಂಟೆಸ್ ಬೆಟ್ಟಿ ಮತ್ತು ಗೆಳತಿಯರು ಅಲ್ಲಿ ಬ್ಯಾಟು ಹಿಡಿದು ಆಡುತ್ತಿರುವ 1779ರ ಒಂದು ಜಲವರ್ಣ ಚಿತ್ರ ಪ್ರಸಿದ್ಧವಾಗಿದೆ. ಓಕ್ಸ್ ಓಟ ಶುರುವಾದದ್ದೂ ಅದೇ ವರ್ಷ. ಆದರೆ ಅಷ್ಟು ಹೊತ್ತಿಗೆ ದಾಂಪತ್ಯ ಹಳಸಿ, ಬೆಟ್ಟಿ ಡಾರ್ಸೆಟ್‌ನ ಡ್ಯೂಕನ ಹಿಂದೆ ಹೊರಟುಹೋಗಿದ್ದಳು. ಮನೆ ಖಾಲಿ, ಕುದುರೆ ಲಾಯ ಮಾತ್ರ ತುಂಬಿತ್ತು. ಆ ಬಂಗಲೆಯನ್ನು 1950ರ ದಶಕದ ಕೊನೆಯ ಹೊತ್ತಿಗೆ ಕೆಡವಿದರು. ಈಗ ಅಲ್ಲಿ ಓಕ್ಸ್ ಪಾರ್ಕ್ ಎಂಬ ಉದ್ಯಾನ ಇದೆ, ಜನ ನಾಯಿ ಕಟ್ಟಿಕೊಂಡು ವಾಕಿಂಗ್ ಹೋಗುತ್ತಾರೆ.

ಅರ್ಲ್ ಮತ್ತು ಅವನ ಸ್ನೇಹಿತರು ಆ ಮನೆಯ ಊಟದ ಮೇಜಿನಲ್ಲಿ ಕುಳಿತು ಈ ಓಟವನ್ನು ಯೋಚಿಸಿದರು ಎನ್ನುತ್ತಾರೆ. ಮೊದಲ ಓಟಕ್ಕೆ ಹನ್ನೆರಡು ಫಿಲ್ಲಿಗಳು ಬಂದವು. ಗೆದ್ದವಳು ಬ್ರಿಜೆಟ್, ಅರ್ಲ್‌ನದೇ ಕುದುರೆ. ಮನೆಯೂ ಅವನದು, ಓಟವೂ ಅವನದು, ಗೆಲುವೂ ಅವನದು! ಮರುವರ್ಷ ಕೋಲ್ಟು-ಫಿಲ್ಲಿ ಎರಡಕ್ಕೂ ತೆರೆದ ಇನ್ನೊಂದು ಓಟ ಇಟ್ಟರು. ಅದಕ್ಕೆ ಯಾರ ಹೆಸರಿಡಬೇಕು ಎಂದು ಅರ್ಲ್ ಮತ್ತು ಆ ಕಾಲದ ರೇಸಿನ ದೊಡ್ಡ ಮನುಷ್ಯ ಸರ್ ಚಾರ್ಲ್ಸ್ ಬನ್ಬರಿ ನಾಣ್ಯ ಚಿಮ್ಮಿದರಂತೆ, ಅರ್ಲ್ ಗೆದ್ದದ್ದರಿಂದ ಅದು ಡರ್ಬಿ ಆಯಿತಂತೆ. ಅದು ಕಟ್ಟುಕಥೆಯೇ ಇರಬಹುದು. ಆದರೆ ಮೊದಲ ಡರ್ಬಿ ಗೆದ್ದದ್ದು ಬನ್ಬರಿಯ ಡಯೊಮೆಡ್, ಅದು ಖರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಹೆಣ್ಣು ಕುದುರೆ ಕೈಲಾಗದವಳು ಎಂದು ಪ್ರತ್ಯೇಕ ಓಟ ಇಟ್ಟರೆ?

ಒಂದು ಸಂಗತಿ ಹೇಳುತ್ತೇನೆ, ನೀವೇ ತೀರ್ಮಾನಿಸಿ. ಡರ್ಬಿ ಶುರುವಾದಾಗ ಅದರ ದೂರ ಒಂದು ಮೈಲಿ. 1784ರಲ್ಲಷ್ಟೇ ಅದನ್ನು ಒಂದೂವರೆ ಮೈಲಿಗೆ ಏರಿಸಿದರು. ಓಕ್ಸ್ ಮೊದಲ ದಿನದಿಂದಲೇ ಒಂದೂವರೆ ಮೈಲಿ. ನಾಲ್ಕು ವರ್ಷ ಹುಡುಗರು ಒಂದು ಮೈಲಿ ಓಡಿ ಕಪ್ ಹೊತ್ತುಕೊಂಡು ಹೋಗುತ್ತಿದ್ದಾಗ ಹುಡುಗಿಯರು ಅದೇ ಎಪ್ಸಮ್‌ನಲ್ಲಿ ಅರ್ಧ ಮೈಲಿ ಹೆಚ್ಚೇ ಓಡುತ್ತಿದ್ದರು. ಅಬಲೆಯರ ಓಟ ಅನ್ನೋ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಅಸಲು ಕಾರಣ ತಿಳಿಯಲು ಅದಕ್ಕೂ ಹಿಂದಿನ ರೇಸು ಹೇಗಿತ್ತು ನೋಡಬೇಕು. ಆಗ ಕುದುರೆಗಳು ಓಡುತ್ತಿದ್ದುದು ಐದಾರು ವರ್ಷ ತುಂಬಿದ ಮೇಲೆ. ನಾಲ್ಕು ನಾಲ್ಕು ಮೈಲಿಯ ಸುತ್ತು, ಒಂದೇ ದಿನ ಎರಡು ಮೂರು ಸಲ. ಎಕ್ಲಿಪ್ಸ್ ಎಂಬ ಕುದುರೆಯ ಹೆಸರು ಕೇಳಿರುತ್ತೀರಿ. ಇಂದಿನ ರೇಸು ಕುದುರೆಗಳಲ್ಲಿ ಬಹುಪಾಲಿನ ಗಂಡು ಸಂತತಿ ಅವನಿಗೇ ಹೋಗಿ ಮುಟ್ಟುತ್ತದೆ. ಅವನು 1769ರಲ್ಲಿ ಇದೇ ಎಪ್ಸಮ್‌ನಲ್ಲಿ ಮೊದಲ ಸಲ ಓಡಿದಾಗ ಐದು ವರ್ಷ. ಹೆಣ್ಣು ಕುದುರೆಯನ್ನು ಹೀಗೆ ಐದಾರು ವರ್ಷ ಓಡಿಸಿ, ಕಾಲು ಸೋತ ಮೇಲೆ ಮರಿ ಹಾಕಿಸಲು ಬಿಟ್ಟರೆ ಅವಳ ಒಳ್ಳೆಯ ವರ್ಷಗಳೆಲ್ಲ ರಸ್ತೆಯಲ್ಲೇ ಕಳೆದಿರುತ್ತವೆ. ಡಾಂಕಾಸ್ಟರ್‌ನಲ್ಲಿ 1776ರಲ್ಲಿ ಸೇಂಟ್ ಲೆಜರ್ ಓಟ ಮೂರು ವರ್ಷದ ಕುದುರೆಗಳಿಗೆಂದು ಶುರುವಾಗಿ ಹೊಸ ದಾರಿ ತೋರಿಸಿತು. ಅದರ ಮೊದಲ ಓಟ ಗೆದ್ದದ್ದೂ ಫಿಲ್ಲಿಯೇ. ಡರ್ಬಿಯ ಅರ್ಲ್ ಒಂದು ಹೆಜ್ಜೆ ಮುಂದೆ ಹೋದ: ಮೂರು ವರ್ಷದ ಫಿಲ್ಲಿಗಳನ್ನು ಮಾತ್ರ ಒಂದೆಡೆ ಕೂಡಿಸಿ, ಯಾರು ಮೇಲು ಎಂದು ಒಂದೇ ಓಟದಲ್ಲಿ ತೂಗಿಬಿಡೋಣ ಎಂದ.

ತೂಗುವುದು ಯಾತಕ್ಕೆ? ಲಾಯದವರಿಗೆ ಗೊತ್ತು. ಒಂದು ಬೀಜದ ಕುದುರೆಯಿಂದ ವರ್ಷಕ್ಕೆ ನೂರು ಮರಿ ಪಡೆಯಬಹುದು. ಹೆಣ್ಣು ಹನ್ನೊಂದು ತಿಂಗಳು ಗಬ್ಬ ಹೊತ್ತು ವರ್ಷಕ್ಕೆ ಒಂದು ಮರಿ ಹಾಕುತ್ತಾಳೆ. ತಪ್ಪು ಗಂಡನ್ನು ಆರಿಸಿದರೆ ಮುಂದಿನ ವರ್ಷ ಬದಲಾಯಿಸಬಹುದು. ತಪ್ಪು ಹೆಣ್ಣನ್ನು ಆರಿಸಿದರೆ ಹತ್ತು ವರ್ಷ ಹೋಯಿತು. ಆದ್ದರಿಂದ ಓಕ್ಸ್ ಮೂಲದಲ್ಲಿ ಬಹುಮಾನಕ್ಕಿಂತ ಹೆಚ್ಚಾಗಿ ವಧುಪರೀಕ್ಷೆ. ಸಂಶಯವಿದ್ದರೆ ಇದನ್ನೂ ನೋಡಿ: ಬೀಜ ಒಡೆಸಿದ ಕುದುರೆಗೆ ಇಂದಿಗೂ ಎಪ್ಸಮ್ ಡರ್ಬಿಯಲ್ಲಿ ಜಾಗವಿಲ್ಲ. ವೇಗಕ್ಕಷ್ಟೇ ಬೆಲೆ ಇದ್ದಿದ್ದರೆ ಅವಕ್ಕೂ ಜಾಗ ಇರಬೇಕಿತ್ತಲ್ಲ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂದು ನಾವು ಹೇಳುವುದನ್ನು ಅವರು ಒಂದೂವರೆ ಮೈಲಿಯ ಹುಲ್ಲಿನ ಮೇಲೆ ಪರೀಕ್ಷಿಸಿದರು.

ನಾನು ಪಶುವೈದ್ಯ, ದುಡಿದದ್ದೆಲ್ಲ ಕುದುರೆ ಫಾರಂಗಳಲ್ಲೇ. ಹೆಣ್ಣು ಕುದುರೆಗಳು ಸಾಮಾನ್ಯವಾಗಿ ರಾತ್ರಿಯೇ ಈಯುವುದು, ಸುತ್ತ ಸದ್ದಡಗಿದ ಮೇಲೆ. ಒಂದು ಜನವರಿ ರಾತ್ರಿ ಎರಡು ಗಂಟೆ. ಸೈಸ ಟಾರ್ಚಿಗೆ ಬಟ್ಟೆ ಸುತ್ತಿ ಬೆಳಕು ಕಡಿಮೆ ಮಾಡಿ ಹಿಡಿದಿದ್ದಾನೆ. ಮರಿ ಬಿತ್ತು, ತಾಯಿ ತಿರುಗಿ ನೆಕ್ಕತೊಡಗಿದಳು. ಮುಕ್ಕಾಲು ಗಂಟೆಯಲ್ಲಿ ಮರಿ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಇಟ್ಟುಕೊಂಡು ಎದ್ದು ನಿಂತಿತು. ಒಡೆಯರಿಗೆ ಫೋನು ಮಾಡಿದೆ. “ಏನು ಮರಿ ಡಾಕ್ಟ್ರೇ?” “ಹೆಣ್ಣು.” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಹೋಗ್ಲಿ ಬಿಡಿ” ಎಂದು ಇಟ್ಟುಬಿಟ್ಟರು. ಸೈಸ ಮಾತ್ರ ಜೇಬಿನಿಂದ ಬೆಲ್ಲದ ಚೂರು ತೆಗೆದು ತಾಯಿಯ ಬಾಯಿಗಿಟ್ಟು, “ಗಂಡು ಮಾರಾಟಕ್ಕೆ ಸಾರ್, ಹೆಣ್ಣು ಮನೆಗೆ” ಅಂದ. ಅರ್ಲ್ ಆಫ್ ಡರ್ಬಿಯ ಲೆಕ್ಕವೂ ಅದೇ ಆಗಿತ್ತು.

ಇನ್ನು ವೇಗದ ಮಾತು. ಸರಾಸರಿ ತೆಗೆದರೆ ಕೋಲ್ಟುಗಳೇ ಸ್ವಲ್ಪ ಮುಂದು, ಸುಳ್ಳು ಹೇಳುವುದಿಲ್ಲ. ಅದಕ್ಕೇ ಡರ್ಬಿಯಲ್ಲಿ ಓಡುವ ಫಿಲ್ಲಿಗೆ ಮೂರು ಪೌಂಡು, ಅಂದರೆ ಒಂದು ಕಿಲೋ ಚಿಲ್ಲರೆ, ಭಾರ ಕಡಿಮೆ. ಆದರೆ ಸರಾಸರಿ ಓಡುವುದಿಲ್ಲ, ಕುದುರೆ ಓಡುತ್ತದೆ. ಈವರೆಗೆ ಆರು ಫಿಲ್ಲಿಗಳು ಡರ್ಬಿ ಗೆದ್ದಿವೆ, ಅವುಗಳಲ್ಲಿ ನಾಲ್ಕು ಡರ್ಬಿಯ ಜೊತೆ ಓಕ್ಸನ್ನೂ ಕಿತ್ತುಕೊಂಡಿವೆ. ಮೊದಲನೆಯವಳು ಎಲೀನರ್, 1801ರಲ್ಲಿ. ಒಡೆಯ ಅದೇ ನಾಣ್ಯದ ಬನ್ಬರಿ. ಡರ್ಬಿ ಗೆದ್ದ ಮರುದಿನವೇ ಓಕ್ಸ್ ಗೆದ್ದಳು. 1857ರಲ್ಲಿ ಬ್ಲಿಂಕ್ ಬಾನಿ ಎರಡನ್ನೂ ಗೆದ್ದಳು. ಆ ಶರತ್ಕಾಲದ ಸೇಂಟ್ ಲೆಜರ್‌ನಲ್ಲಿ ಸೋತು, ಎರಡು ದಿನ ಬಿಟ್ಟು ಅದೇ ಮೈದಾನದಲ್ಲಿ ಇನ್ನೊಂದು ಓಟವನ್ನು ಸಲೀಸಾಗಿ ಗೆದ್ದಾಗ ಜನ ರೊಚ್ಚಿಗೆದ್ದರು, ಜಾಕಿ ಬೇಕೆಂದೇ ಲಗಾಮು ಎಳೆದ ಎಂದು ಗದ್ದಲವೇ ಆಯಿತು. ಅವಳು ಬೇಗ ಸತ್ತಳು, ಕೆಲವೇ ಮರಿ. ಅದರಲ್ಲೊಬ್ಬ ಬ್ಲೇರ್ ಅಥಾಲ್. ಅವನು ಜೀವಮಾನದಲ್ಲಿ ಓಡಿದ ಮೊದಲ ಓಟವೇ 1864ರ ಡರ್ಬಿ, ಗೆದ್ದೂಬಿಟ್ಟ.

ಮೂರನೆಯವಳ ಕಥೆ ನನಗೆ ಎಲ್ಲಕ್ಕಿಂತ ಇಷ್ಟ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನ್ಯೂಮಾರ್ಕೆಟ್‌ನಲ್ಲಿ ಎಡೊಆರ್ಡೊ ಜಿನಿಸ್ಟ್ರೆಲ್ಲಿ ಎಂಬ ಇಟಲಿಯ ಸಾಹುಕಾರ ಇದ್ದ, ನೇಪಲ್ಸ್ ಕಡೆಯವನು. ಅವನ ಬಳಿ ಸಿನ್ಯೊರಿನಾ ಎಂಬ ಹೆಣ್ಣು ಕುದುರೆ. ಎರಡನೆಯ ವಯಸ್ಸಿನಲ್ಲಿ ಗಂಡುಗಳನ್ನು ಸೋಲಿಸಿ ದೊಡ್ಡ ಓಟ ಗೆದ್ದವಳು. ಓಟ ಬಿಟ್ಟ ಮೇಲೆ ಮಾತ್ರ ವರ್ಷಗಟ್ಟಲೆ ಗಬ್ಬ ನಿಲ್ಲಲಿಲ್ಲ. ಹೆಸರುವಾಸಿ ಬೀಜದ ಕುದುರೆಗಳ ಬಳಿಗೆಲ್ಲ ಕಳಿಸಿ ಸಾಕಾಯಿತು. ಅವಳ ಹುಲ್ಲುಗಾವಲಿನ ಪಕ್ಕದ ದಾರಿಯಲ್ಲಿ ಶಲರೋ ಎಂಬ ಅಗ್ಗದ ಬೀಜದ ಕುದುರೆಯನ್ನು ದಿನವೂ ನಡೆಸಿಕೊಂಡು ಹೋಗುತ್ತಿದ್ದರು. ಅವನು ಬೇಲಿಯ ಬಳಿ ಬಂದಾಗಲೆಲ್ಲ ಸಿನ್ಯೊರಿನಾ ಕೆನೆಯುತ್ತ ಓಡಿಬರುವುದನ್ನೂ, ಅವನು ಮುಂದೆ ಹೋಗಲೊಪ್ಪದೆ ನಿಲ್ಲುವುದನ್ನೂ ಜಿನಿಸ್ಟ್ರೆಲ್ಲಿ ನೋಡಿದ. ‘ಇವರಿಬ್ಬರೂ ಪ್ರೀತಿಸುತ್ತಿದ್ದಾರೆ’ ಎಂದು ತೀರ್ಮಾನಿಸಿ ಅವರಿಬ್ಬರನ್ನೇ ಕೂಡಿಸಿದ. ಊರಿನ ಪಂಡಿತರೆಲ್ಲ ನಕ್ಕರು. ಹುಟ್ಟಿದ ಹೆಣ್ಣು ಮರಿಗೆ ಸಿನ್ಯೊರಿನೆಟ್ಟಾ ಎಂದು ಹೆಸರಿಟ್ಟು, ತಾನೇ ಪಳಗಿಸಿದ. 1908ರ ಡರ್ಬಿಯಲ್ಲಿ ಅವಳ ಮೇಲಿನ ಬಾಜಿಯ ದರ ಒಂದಕ್ಕೆ ನೂರು. ಗೆದ್ದಳು. ಎರಡು ದಿನ ಬಿಟ್ಟು ಓಕ್ಸ್. ಅದನ್ನೂ ಗೆದ್ದಳು. ನಕ್ಕವರೇ ಟೋಪಿ ತೆಗೆದು ಕೈ ಬೀಸಿದರು. ಪಶುವೈದ್ಯನಾಗಿ ನಾನು ಪ್ರೇಮ ವಿವಾಹಕ್ಕೂ ಓಟದ ವೇಗಕ್ಕೂ ಸಂಬಂಧ ಕಟ್ಟಲಾರೆ. ಆದರೆ ಬೆದೆಗೆ ಬಂದ ಕುದುರೆ ತಾನೇ ತೋರುವ ಸೂಚನೆಯನ್ನು ಕಣ್ಣಿಟ್ಟು ನೋಡುವ ಒಡೆಯ ಸಿಕ್ಕಿದರೆ ಅರ್ಧ ಕೆಲಸ ಆದಂತೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ನಾಲ್ಕನೆಯವಳು 1916ರ ಫಿಫಿನೆಲ್ಲಾ. ಮಹಾಯುದ್ಧದ ಕಾಲವಾದ್ದರಿಂದ ಓಟಗಳು ಎಪ್ಸಮ್ ಬಿಟ್ಟು ನ್ಯೂಮಾರ್ಕೆಟ್‌ಗೆ ಹೋಗಿದ್ದವು. ಅವಳ ನಂತರ ಯಾವ ಫಿಲ್ಲಿಯೂ ಡರ್ಬಿ ಗೆದ್ದಿಲ್ಲ. ಕೈಲಾಗದೆ ಅಲ್ಲ, ಓಡಿಸುವವರೇ ಅಪರೂಪ. ಓಕ್ಸ್‌ನಲ್ಲೇ ಬೇಕಾದಷ್ಟು ಹಣ, ಹೆಸರು ಸಿಗುವಾಗ ಹುಡುಗರ ಜೊತೆ ಯಾಕೆ ಗುದ್ದಾಟ ಎನ್ನುವುದು ಇಂದಿನ ಒಡೆಯರ ಲೆಕ್ಕ. ಪ್ರತ್ಯೇಕ ಓಟದಿಂದ ಆಗಿರುವ ನಷ್ಟ ಇದೊಂದೇ ಎಂದು ನನ್ನ ಅನಿಸಿಕೆ.

ಎಪ್ಸಮ್ ನೆಲ ಹೇಗಿದೆ ಅಂದರೆ, ಮೊದಲ ಅರ್ಧ ಮೈಲಿಗೂ ಹೆಚ್ಚು ದೂರ ಏರು, ಸುಮಾರು 40 ಮೀಟರ್ ಎತ್ತರ. ಆಮೇಲೆ ಇಳಿಜಾರಿನಲ್ಲೇ ಟ್ಯಾಟನಮ್ ಕಾರ್ನರ್ ಎಂಬ ಎಡ ತಿರುವು. ನೇರ ದಾರಿಗೆ ಬಿದ್ದ ಮೇಲೂ ನೆಲ ಒಳಗಿನ ಕಟಕಟೆಯ ಕಡೆಗೆ ವಾಲಿರುತ್ತದೆ, ಕೊನೆಯ ನೂರು ಗಜ ಮತ್ತೆ ಏರು. ಸಮತಟ್ಟಾದ ಮೈದಾನದಲ್ಲಿ ಹಾರಿಹೋಗುವ ಕುದುರೆ ಇಲ್ಲಿ ತಿರುವಿನಲ್ಲಿ ಕಾಲು ತಡವರಿಸಿ ನಿಲ್ಲುವುದುಂಟು. ಕಾಲು, ಉಸಿರು, ತಲೆ ಮೂರೂ ಸರಿಯಿದ್ದವಳೇ ಗೆಲ್ಲಬೇಕು. ಅಂಥ ನೆಲದಲ್ಲಿ 2021ರಲ್ಲಿ, ಸುರಿಯುವ ಮಳೆಯಲ್ಲಿ, ಸ್ನೋಫಾಲ್ ಎಂಬವಳು ಹದಿನಾರು ಲೆಂಗ್ತ್ ಅಂತರದಿಂದ ಗೆದ್ದಳು. ಒಂದು ಲೆಂಗ್ತ್ ಅಂದರೆ ಮೂಗಿನಿಂದ ಬಾಲದವರೆಗೆ ಒಂದು ಕುದುರೆಯ ಉದ್ದ. ಎರಡು ಕ್ರಿಕೆಟ್ ಪಿಚ್ ಒಂದರ ಹಿಂದೊಂದು ಇಟ್ಟಷ್ಟು ದೂರ ಅವಳ ಹಿಂದೆ ಯಾರೂ ಇರಲಿಲ್ಲ. ಓಕ್ಸ್‌ನ ಇತಿಹಾಸದಲ್ಲಿ ಅಷ್ಟು ಅಂತರ ಹಿಂದೆಂದೂ ಆಗಿರಲಿಲ್ಲ.

ನ್ಯೂಮಾರ್ಕೆಟ್‌ನ ಒಂದು ಮೈಲಿಯ ಥೌಸಂಡ್ ಗಿನೀಸ್ 1814ರಲ್ಲಿ ಶುರುವಾಯಿತು, ಅದೂ ಫಿಲ್ಲಿಗಳಿಗೆ ಮಾತ್ರ. ಅದು, ಓಕ್ಸ್, ಸೇಂಟ್ ಲೆಜರ್ ಮೂರನ್ನೂ ಗೆದ್ದರೆ ಫಿಲ್ಲಿಗಳ ತ್ರಿವಳಿ ಕಿರೀಟ. ಈವರೆಗೆ ಒಂಬತ್ತು ಕುದುರೆಗಳಿಗೆ ಸಿಕ್ಕಿದೆ, ಕೊನೆಯದು 1985ರಲ್ಲಿ ಓ ಸೋ ಶಾರ್ಪ್‌ಗೆ. 1874ರಲ್ಲಿ ಅದನ್ನು ಗೆದ್ದ ಅಪಾಲಜಿಯ ಒಡೆಯ ಒಬ್ಬ ಪಾದ್ರಿ, ರೆವರೆಂಡ್ ಜಾನ್ ಕಿಂಗ್. ‘ಮಿಸ್ಟರ್ ಲಾಂಡ್’ ಎಂಬ ಹೆಸರಿನ ಮರೆಯಲ್ಲಿ ಓಡಿಸುತ್ತಿದ್ದ. ಕುದುರೆ ಗೆದ್ದು ಗೆದ್ದು ಗುಟ್ಟು ರಟ್ಟಾಯಿತು. ಲಿಂಕನ್‌ನ ಬಿಷಪ್ ಕೆಂಡವಾದ, ಪಾದ್ರಿ ಚರ್ಚಿನ ಹುದ್ದೆ ಬಿಟ್ಟನೇ ಹೊರತು ಕುದುರೆಯನ್ನು ಬಿಡಲಿಲ್ಲ. ನಿಮ್ಮ ತಾತನ ಗುಟ್ಟು ಅಜ್ಜಿಯ ತನಕ ಮಾತ್ರ ಹೋದದ್ದು ಅವರ ಪುಣ್ಯ.

ಆ ಒಂಬತ್ತರಲ್ಲಿ ಸೆಪ್ಟರ್ ಬೇರೆಯೇ ಒಂದು ಜೀವ. ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ಸತ್ತ ಮೇಲೆ ಅವನ ಕುದುರೆಗಳ ಹರಾಜಿನಲ್ಲಿ, ಇನ್ನೂ ಒಂದು ವರ್ಷದ ಮರಿಯಾಗಿದ್ದಾಗ, ಅವಳನ್ನು 10,000 ಗಿನಿಗೆ (ಗಿನಿ ಅಂದರೆ ಪೌಂಡಿಗಿಂತ ಚೂರು ಹೆಚ್ಚಿನ ಹಳೆಯ ಲೆಕ್ಕ) ಕೊಂಡವನು ರಾಬರ್ಟ್ ಸೀವಿಯರ್ ಎಂಬ ಜೂಜುಕೋರ. 1902ರಲ್ಲಿ ಕೈ ಬರಿದಾಗಿತ್ತು, ತಾನೇ ಟ್ರೇನರ್ ಆದ. ಟೂ ಥೌಸಂಡ್ ಗಿನೀಸ್‌ನಲ್ಲಿ ಗಂಡುಗಳನ್ನು ಸೋಲಿಸಿದಳು, ಎರಡು ದಿನ ಬಿಟ್ಟು ಥೌಸಂಡ್ ಗಿನೀಸ್. ಡರ್ಬಿಯಲ್ಲಿ ನಾಲ್ಕನೆಯವಳು, ಎರಡು ದಿನ ಬಿಟ್ಟು ಓಕ್ಸ್‌ನಲ್ಲಿ ಮೊದಲನೆಯವಳು. ಅಲ್ಲಿಂದ ಪ್ಯಾರಿಸ್, ಅಲ್ಲಿಂದ ಆಸ್ಕಟ್, ಕೊನೆಗೆ ಸೇಂಟ್ ಲೆಜರ್. ಮೂರು ವರ್ಷದ ಕುದುರೆಗಳ ಈ ಐದು ದೊಡ್ಡ ಓಟಗಳನ್ನು ಕ್ಲಾಸಿಕ್ ಎನ್ನುತ್ತಾರೆ. ಒಂದೇ ವರ್ಷ ನಾಲ್ಕು ಕ್ಲಾಸಿಕ್‌ಗಳನ್ನು ಯಾರೊಂದಿಗೂ ಹಂಚಿಕೊಳ್ಳದೆ ಗೆದ್ದ ಕುದುರೆ ಇಂದಿಗೂ ಅವಳೊಬ್ಬಳೇ. ಓದುವಾಗ ರೋಮಾಂಚನ ಆಗುತ್ತದೆ. ಆದರೆ ಒಡೆಯನ ಸಾಲ ತೀರಿಸಲು ಮೂರು ವರ್ಷದ ಹೆಣ್ಣು ಕುದುರೆಯನ್ನು ಹಾಗೆ ಹಿಂಡುವುದನ್ನು ನೆನೆದರೆ ನನ್ನಂಥ ವೈದ್ಯನಿಗೆ ಸಿಟ್ಟೂ ಬರುತ್ತದೆ. ಮರುವರ್ಷ ಅವಳನ್ನು 25,000 ಪೌಂಡಿಗೆ ಮಾರಿದ.

1942ರ ಸನ್ ಚಾರಿಯಟ್ ಇದಕ್ಕೆ ತದ್ವಿರುದ್ಧ, ಯಾರೂ ಹಿಂಡಲಾಗದವಳು. ಆರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಓಡುತ್ತಿದ್ದಳು. ಮನಸ್ಸು ಕೆಟ್ಟರೆ ಹೊಲದಲ್ಲಿ ಮಂಡಿಯೂರಿ ಗೂಳಿಯಂತೆ ಗುಟುರು ಹಾಕುತ್ತಿದ್ದಳು ಎಂದು ಜಾಕಿ ಗಾರ್ಡನ್ ರಿಚರ್ಡ್ಸ್ ಹೇಳಿಕೊಂಡಿದ್ದಾನೆ. ಓಕ್ಸ್ ಶುರುವಿನಲ್ಲೇ ಅಡ್ಡದಾರಿ ಹಿಡಿದು ಬಹಳ ಹಿಂದೆ ಬಿದ್ದಳು, ಆಮೇಲೆ ಎಲ್ಲರನ್ನೂ ಹಿಡಿದು ಗೆದ್ದಳು.

ನಮ್ಮ ಕಡೆಯ ನಂಟೂ ಇದಕ್ಕಿದೆ. ಕರಾಚಿಯಲ್ಲಿ ಹುಟ್ಟಿದ ಮೂರನೆಯ ಆಗಾ ಖಾನ್ ತನ್ನ ಕುದುರೆಗಳಿಗೆ ಈ ನೆಲದ ಹೆಸರುಗಳನ್ನೂ ಇಡುತ್ತಿದ್ದರು. 1932ರ ಓಕ್ಸ್ ಗೆದ್ದವಳ ಹೆಸರು ಉದಯಪುರ್. ಅದಕ್ಕೂ ಮೊದಲು, 1922ರಲ್ಲಿ, 9,100 ಗಿನಿ ಕೊಟ್ಟು ಒಂದು ಬೂದು ಮರಿಯನ್ನು ಕೊಂಡಿದ್ದರು: ಮುಮ್ತಾಜ್ ಮಹಲ್. ಎರಡನೆಯ ವಯಸ್ಸಿನಲ್ಲಿ ಅವಳನ್ನು ಮುಟ್ಟುವವರು ಅಪರೂಪ, ಆಸ್ಕಟ್‌ನಲ್ಲಿ ಎರಡು ವರ್ಷದ ಫಿಲ್ಲಿಗಳಿಗೆಂದೇ ಇರುವ ಕ್ವೀನ್ ಮೇರಿ ಓಟ ಗೆದ್ದಳು. ಆದರೆ ಅವಳದು ಮಿಂಚಿನ ಓಟ, ಓಕ್ಸ್‌ನ ದೂರ ಅವಳಿಗೆ ಒಗ್ಗುವಂಥದ್ದಲ್ಲ. ನಾಲ್ಕು ತಲೆಮಾರು ಕಾಯಬೇಕಾಯಿತು. ಅವಳ ಮಗಳ ಮಗಳ ಮಗಳ ಮಗಳು ಪೆಟಿಟ್ ಎಟ್ವಾಲ್, ಅದೇ ಬೂದು ಬಣ್ಣ. ಇವಳಿಗೂ ಒಂದೂವರೆ ಮೈಲಿ ಆಗದು ಎಂದೇ ಬಲ್ಲವರು ಅಂದುಕೊಂಡಿದ್ದರು. 1959ರಲ್ಲಿ ಲೆಸ್ಟರ್ ಪಿಗಾಟ್ ಅವಳ ಮೇಲೆ ಕುಳಿತು ಓಕ್ಸ್ ಗೆದ್ದ. ಮುತ್ತಜ್ಜಿಯ ತಾಯಿಗೆ ದಕ್ಕದ್ದು ಅವಳಿಗೆ ದಕ್ಕಿತು.

ಅದೇ ಮನೆತನಕ್ಕೆ ಓಕ್ಸ್ ಕಹಿಯನ್ನೂ ಉಣಿಸಿತು. 1989ರಲ್ಲಿ ನಾಲ್ಕನೆಯ ಆಗಾ ಖಾನ್‌ರ ಅಲೀಸಾ ಮೊದಲು ಬಂದಳು. ಓಟದ ನಂತರ ಪರೀಕ್ಷಿಸಿದಾಗ ಮೂತ್ರದಲ್ಲಿ ಕರ್ಪೂರದ ಅಂಶ ಸಿಕ್ಕಿತು. ಹೌದು, ನಮ್ಮ ಮಂಗಳಾರತಿ ತಟ್ಟೆಯ ಕರ್ಪೂರವೇ. ಮೈಗೆ ಹಚ್ಚುವ ಮುಲಾಮುಗಳಲ್ಲಿ ಅದಿರುತ್ತದೆ, ಉಸಿರಾಟಕ್ಕೆ ಅನುಕೂಲವಾಗಬಹುದೆಂದು ರೇಸಿನಲ್ಲಿ ನಿಷಿದ್ಧ. ಪರೀಕ್ಷೆಯ ವಿಧಾನವೇ ಸರಿಯಿಲ್ಲ ಎಂದು ಆಗಾ ಖಾನ್ ವಾದಿಸಿದರು. 1990ರ ಕೊನೆಯಲ್ಲಿ ಅಲೀಸಾಳ ಗೆಲುವನ್ನು ರದ್ದುಮಾಡಿದರು. ಆಗಾ ಖಾನ್ ಬ್ರಿಟನ್ನಿನಿಂದ ತಮ್ಮ ಕುದುರೆಗಳನ್ನೆಲ್ಲ ಹೊರಡಿಸಿಕೊಂಡು ಕೆಲವು ವರ್ಷ ಆ ಕಡೆ ತಲೆ ಹಾಕಲಿಲ್ಲ. ಗೆಲುವು ಎರಡನೆಯ ಸ್ಥಾನದಲ್ಲಿದ್ದ ಸ್ನೋ ಬ್ರೈಡ್‌ಗೆ ಹೋಯಿತು. ಕಾಗದದ ಮೇಲಿನ ಗೆಲುವು ಎಂದು ಕೆಲವರು ಮೂಗು ಮುರಿದರು. 1995ರಲ್ಲಿ ಸ್ನೋ ಬ್ರೈಡ್‌ಳ ಮಗ ಲಮ್ತಾರಾ ಡರ್ಬಿ ಗೆದ್ದು, ಅದೇ ವರ್ಷ ಪ್ಯಾರಿಸ್‌ನ ಆರ್ಕ್ ಓಟವನ್ನೂ ಗೆದ್ದಾಗ ಆ ಮೂಗುಗಳು ನೆಟ್ಟಗಾದವು.

ಎಪ್ಸಮ್‌ನ ಮಾದರಿ ಬೇರೆ ದೇಶಗಳಿಗೂ ಹಬ್ಬಿತು. ಫ್ರಾನ್ಸಿನಲ್ಲಿ 1843ರಿಂದ ಪ್ರೀ ದ ದಿಯಾನ್, ಅಮೆರಿಕದಲ್ಲಿ 1875ರಿಂದ ಕೆಂಟಕಿ ಓಕ್ಸ್. ನಮ್ಮಲ್ಲಿ ಮುಂಬೈನ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಓಕ್ಸ್, 2400 ಮೀಟರ್. ನಿಮ್ಮ ತಾತನ ಪುಸ್ತಕದಲ್ಲಿ ಅದಕ್ಕೆ ‘ನಾಲ್ಕು ವರ್ಷದ ಫಿಲ್ಲಿಗಳಿಗೆ’ ಎಂದಿದ್ದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಕುದುರೆ ಯಾವ ತಿಂಗಳಲ್ಲಿ ಹುಟ್ಟಿದರೂ ಲೆಕ್ಕಕ್ಕೆ ಎಲ್ಲಕ್ಕೂ ಜನವರಿ 1ಕ್ಕೆ ಒಂದು ವರ್ಷ ಹೆಚ್ಚುತ್ತದೆ. ಮುಂಬೈನ ಚಳಿಗಾಲದ ಸೀಸನ್ ಹೊಸವರ್ಷವನ್ನು ದಾಟಿಕೊಂಡು ಹೋಗುತ್ತದೆ. ಡಿಸೆಂಬರಿನ ಇಂಡಿಯನ್ ಥೌಸಂಡ್ ಗಿನೀಸ್ ಓಡುವಾಗ ಮೂರು ವರ್ಷದವಳಾಗಿದ್ದವಳು ಜನವರಿ ಕೊನೆಯ ಹೊತ್ತಿಗೆ ಓಕ್ಸ್‌ಗೆ ಬಂದಾಗ ನಾಲ್ಕು ವರ್ಷದವಳು. ಈ ಲೆಕ್ಕದ ತಮಾಷೆ 2022ರಲ್ಲಿ ಎಪ್ಸಮ್‌ನಲ್ಲೂ ಕಂಡಿತು. ಟ್ಯೂಸ್ಡೇ ಎಂಬ ಫಿಲ್ಲಿ ಹುಟ್ಟಿದ್ದು 2019ರ ಜೂನ್ 3. ಓಕ್ಸ್ ಇದ್ದದ್ದು 2022ರ ಜೂನ್ 3. ತನ್ನ ನಿಜವಾದ ಮೂರನೆಯ ಹುಟ್ಟುಹಬ್ಬದ ದಿನ, ಕೂದಲೆಳೆ ಅಂತರದಲ್ಲಿ, ಓಕ್ಸ್ ಗೆದ್ದಳು. ಮಂಗಳವಾರ ಎಂಬ ಹೆಸರಿನವಳು ಗೆದ್ದದ್ದು ಶುಕ್ರವಾರ.

ಅಂದಹಾಗೆ 1943ರಲ್ಲಿ ಮಹಾಲಕ್ಷ್ಮಿಯಲ್ಲಿ ನಡೆದ ಮೊತ್ತಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದೂ ಹೆಣ್ಣು ಕುದುರೆಯೇ, ಬರೋಡಾ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್.

ಈಗ ಕೆಂಪು ಪೆನ್ಸಿಲು. ಅಡ್ಡಗೆರೆಯ ಹಿಂದಿನ ಹೆಸರು ಅಪ್ಪನದು, ಮುಂದಿನದು ತಾಯಿಯದು. ಗ್ಯಾಲರಿಯಲ್ಲಿ ಹೆಚ್ಚಿನವರು ನೋಡುವುದು ಮೊದಲ ಹೆಸರನ್ನು, ಪ್ರಚಾರವೆಲ್ಲ ಬೀಜದ ಕುದುರೆಗೆ. ನಿಮ್ಮ ತಾತ ತಾಯಿಯ ಹೆಸರನ್ನು ಹಿಡಿದು ಹೊರಟಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಸ್ಟ್ರೇಲಿಯಾದ ಬ್ರೂಸ್ ಲೋ ಎಂಬವನು ಮಾಡಿದ್ದೂ ಇದನ್ನೇ. ಡರ್ಬಿ, ಓಕ್ಸ್, ಸೇಂಟ್ ಲೆಜರ್ ಗೆದ್ದ ಪ್ರತಿ ಕುದುರೆಯ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹಿಂದಕ್ಕೆ ಹೋಗಿ, ಮೂಲದ ಹೆಣ್ಣು ಕುದುರೆಗಳನ್ನು ಗುರುತಿಸಿ, ಗೆಲುವಿನ ಎಣಿಕೆಯಂತೆ 43 ಕುಟುಂಬಗಳಿಗೆ ನಂಬರು ಕೊಟ್ಟ. ನಮ್ಮ ಕರಾವಳಿಯಲ್ಲಿ ‘ಬಳಿ’ ಎನ್ನುವ ಕುಲದ ಗುರುತು ತಾಯಿಯ ಕಡೆಯಿಂದ ಇಳಿಯುತ್ತದಲ್ಲ, ಹಾಗೆ. ಅವನ ನಂಬರುಗಳಿಂದ ಗೆಲ್ಲುವ ಕುದುರೆ ಹುಟ್ಟಿಸಬಹುದು ಎಂಬ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಆ ಕುಟುಂಬ ಸಂಖ್ಯೆಗಳನ್ನು ತಳಿ ಬೆಳೆಸುವವರು ಇವತ್ತಿಗೂ ಹೇಳುತ್ತಾರೆ.

ಓಕ್ಸ್ ಪಟ್ಟಿ ನೋಡಿದರೆ ತಾಯಿಯ ಹೆಸರಿಗೆ ಗೆರೆ ಎಳೆಯುವ ಆಸೆ ಯಾರಿಗೂ ಬರುತ್ತದೆ. 2004ರಲ್ಲಿ ಓಕ್ಸನ್ನು ಏಳು ಲೆಂಗ್ತ್ ಅಂತರದಲ್ಲಿ ಗೆದ್ದವಳು ವೀಜಾ ಬೋರ್ಡ್. ಒಡೆಯ ಡರ್ಬಿಯ ಹತ್ತೊಂಬತ್ತನೆಯ ಅರ್ಲ್. ಬ್ರಿಜೆಟ್ ಗೆದ್ದು 225 ವರ್ಷವಾದ ಮೇಲೂ ಅದೇ ಬಿರುದಿನ ಮನೆಗೆ ಅದೇ ಓಟ ಮತ್ತೊಮ್ಮೆ ಬಂತು. ಅವಳು ಅಮೆರಿಕ, ಹಾಂಗ್‌ಕಾಂಗ್ ಎಲ್ಲ ಸುತ್ತಿ ಗೆದ್ದು ಮನೆಗೆ ಬಂದು ಮರಿ ಹಾಕಿದಳು. ಅವರದೇ ಸ್ಟಡ್ ಫಾರಮ್ಮಿನಲ್ಲಿ ಹುಟ್ಟಿದ ಅವಳ ಮಗ, ಆಸ್ಟ್ರೇಲಿಯಾ ಎಂಬ ಹೆಸರಿನವನು, 2014ರ ಡರ್ಬಿ ಗೆದ್ದ.

ತಾತ ಗೆರೆ ಎಳೆದ ಹೆಸರುಗಳನ್ನೂ ಪುಸ್ತಕದ ಇಸವಿಯನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿ. ಅವುಗಳಲ್ಲಿ ಯಾರಾದರೂ ತಮ್ಮ ಕಾಲದಲ್ಲಿ ಓಕ್ಸ್ ಓಡಿದವರೇ ಎಂದು ನೋಡಿ ಹೇಳುತ್ತೇನೆ. ಎರಡು ಮೂರು ಪುಸ್ತಕಗಳಲ್ಲಿ ಒಂದೇ ತಾಯಿಯ ಹೆಸರು ಮತ್ತೆ ಮತ್ತೆ ಬಂದಿದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿ.